ತಪ್ಪಿದ ತಿಥಿ

ತಾಮ್ರದ ಗಣಿ ಮುಚ್ಚಿದ ಮೇಲೆ ಅಮೆರಿಕದ ಉತ್ತರದ ಅಂಚಿನ ಟ್ರೌಟ್ ಬೆಂಡ್ ಊರಿಗೆ ಹೇಳಿಕೊಳ್ಳಲು ಉಳಿದದ್ದು ಎರಡೇ: ಒಂದು ಹಿಮ, ಇನ್ನೊಂದು ಆರ್ವೋ ಕಾಂಗಸ್. ಹಿಮ ವರ್ಷದಲ್ಲಿ ಆರು ತಿಂಗಳು ಇರುತ್ತಿತ್ತು. ಆರ್ವೋಗೆ ಇದ್ದದ್ದು ಒಂದು ದಿನ, ಫೆಬ್ರವರಿ ಒಂಬತ್ತು.

ಆ ದಿನ ಮಾಜಿ ಸೈನಿಕರ ಸಂಘದ ಕಟ್ಟಡದ ಮುಂದೆ ಊರು ಸೇರುತ್ತಿತ್ತು. ಅಲ್ಲೊಂದು ಕರಿಯ ಕಲ್ಲು; ಅದರ ಮೇಲೆ ಸಣ್ಣ ವಿಮಾನದ ಚಿತ್ರ, ಆರ್ವೋನ ಹೆಸರು, ತಾರೀಕು. ಶಾಲೆಯ ಮಕ್ಕಳು ಕೈಗವಸಿನೊಳಗೆ ಬೆರಳು ಮಡಚಿಕೊಂಡು ಬಾವುಟ ಹಿಡಿಯುತ್ತಿದ್ದರು. ಹೊಟ್ಟೆ ಬಂದ ಮುದುಕರು ಗುಂಡಿ ಹತ್ತದ ಸಮವಸ್ತ್ರ ತೊಟ್ಟು ಸಾಲಾಗಿ ನಿಂತು ಬಂದೂಕು ಹಾರಿಸುತ್ತಿದ್ದರು. ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಒಳಗೆ ಬಿಸಿ ಕಾಫಿ, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು. ಬ್ರೆಡ್ಡು ಮಾಡುತ್ತಿದ್ದವಳು ಆರ್ವೋನ ಅಕ್ಕ ಐಲಿ. ಉಳಿದದ್ದನ್ನೆಲ್ಲ ನಿಂತು ನಡೆಸುತ್ತಿದ್ದವನು ತಮ್ಮ ರೇನೋ. ರೇನೋ ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಮದುವೆಯಾಗಲಿಲ್ಲ. ಚಳಿಗಾಲದಲ್ಲಿ ಅವನಿಗೆ ರಜವೆಂಬುದೇ ಇರಲಿಲ್ಲ. ಆದರೆ ಆ ಒಂದು ದಿನ ಅವನ ಲಾರಿಯನ್ನು ಬೇರೆಯವರು ಓಡಿಸುತ್ತಿದ್ದರು.

ಆರ್ವೋ ವಾಯುಪಡೆಯಲ್ಲಿದ್ದ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಲಾವೋಸಿನ ಗುಡ್ಡಗಳ ಮೇಲೆ, ಮರದ ತುದಿ ಸವರುವಷ್ಟು ಕೆಳಗೆ, ಸಣ್ಣ ವಿಮಾನದಲ್ಲಿ ಒಬ್ಬನೇ ಹಾರಾಡಿ, ಬಾಂಬು ಎಲ್ಲಿ ಬೀಳಬೇಕೆಂದು ದೊಡ್ಡ ವಿಮಾನಗಳಿಗೆ ತೋರಿಸುವುದು ಅವನ ಕೆಲಸ. ಅರವತ್ತೊಂಬತ್ತನೇ ಇಸವಿಯ ಫೆಬ್ರವರಿ ಒಂಬತ್ತರಂದು ಕೆಳಗಿನಿಂದ ಗುಂಡು ಬಡಿದು ಆ ವಿಮಾನ ಬೆಟ್ಟದ ಇಳಿಜಾರಿಗೆ ಅಪ್ಪಳಿಸಿ ಹೊತ್ತಿಕೊಂಡಿತು. ಮೇಲಿದ್ದ ಇನ್ನೊಬ್ಬ ವಿಮಾನಚಾಲಕ ಕಣ್ಣಾರೆ ಕಂಡಿದ್ದ. ಪ್ಯಾರಾಚೂಟ್ ಬಿಚ್ಚಿಕೊಂಡದ್ದು ಕಾಣಲಿಲ್ಲ. ಹುಡುಕಲು ಇಳಿಯುವಂತಿರಲಿಲ್ಲ, ಆ ಬೆಟ್ಟದ ತುಂಬ ಶತ್ರುಗಳಿದ್ದರು.

ಸುದ್ದಿ ತಂದ ಇಬ್ಬರು ಅಧಿಕಾರಿಗಳು ಬೂಟಿನ ಹಿಮ ಒದರಿ ಒಳಗೆ ಬಂದು, ಟೋಪಿ ತೆಗೆದು, "ಅವರಿಗೆ ಏನೂ ಗೊತ್ತಾಗಿರಲ್ಲ. ಕ್ಷಣದಲ್ಲಿ ಮುಗಿದುಹೋಗಿದೆ" ಅಂದರು. ಅಪ್ಪ ಆ ಮಾತನ್ನು ಊರುಗೋಲಿನಂತೆ ಹಿಡಿದುಕೊಂಡ. ಯಾರು ಮನೆಗೆ ಬಂದರೂ, "ಅವನಿಗೆ ಗೊತ್ತೇ ಆಗ್ಲಿಲ್ಲವಂತೆ" ಎನ್ನುತ್ತಿದ್ದ.

ಅಮ್ಮ ಹಿಲ್ಯಾ ಮಾತ್ರ ಒಪ್ಪಲಿಲ್ಲ. "ಅವನು ಸತ್ತಿಲ್ಲ ಕಣೇ. ಹೆತ್ತವಳಿಗೆ ಗೊತ್ತಾಗಲ್ವಾ? ಎಲ್ಲೋ ಚಳೀಲಿ ಬಿದ್ದಿದ್ದಾನೆ" ಎಂದು ಒಲೆಯ ಮುಂದೆ ಕೂತೇ ಇರುತ್ತಿದ್ದಳು. ಊಟದ ಮೇಜಿನ ಮೇಲೆ ಅವನ ತಟ್ಟೆ ಇಡುತ್ತಿದ್ದಳು. ಅತ್ತವಳಲ್ಲ, ಕಿರುಚಿದವಳಲ್ಲ, ತಟ್ಟೆ ಇಡುತ್ತಿದ್ದಳು ಅಷ್ಟೇ. ಅಪ್ಪನಿಗೆ ಆ ತಟ್ಟೆಯ ಎದುರು ಕೂತು ತುತ್ತು ಇಳಿಯುತ್ತಿರಲಿಲ್ಲ. ಡಾಕ್ಟರು ನಿದ್ದೆ ಮಾತ್ರೆ ಕೊಟ್ಟರು. ಪಾದ್ರಿ ಎರಡು ಸಲ ಬಂದು ಮಾತಾಡಿದರು. ಮಾರ್ಚ್ ಮೊದಲ ವಾರದಲ್ಲಿ ಚರ್ಚಿನಲ್ಲಿ, ಶವವಿಲ್ಲದ ಶವಸಂಸ್ಕಾರದ ಪ್ರಾರ್ಥನೆಯೂ ನಡೆದುಹೋಯಿತು. ಮಾರನೆಯ ಬೆಳಿಗ್ಗೆ ಅಮ್ಮ ಮತ್ತೆ ಅದೇ ತಟ್ಟೆ ಇಟ್ಟಾಗ ಐಲಿಯೇ ಎದ್ದು ಅದನ್ನು ತೆಗೆದು ಕಪಾಟಿನೊಳಗಿಟ್ಟು, "ಸಾಕಮ್ಮ. ಇನ್ನು ಸಾಕು" ಎಂದಳು. ಅಮ್ಮ ಮಗಳ ಮುಖವನ್ನೇ ನೋಡಿದಳು. ಅಂದಿನಿಂದ ತಟ್ಟೆ ಇಡಲಿಲ್ಲ. ಕೆಲವು ವರ್ಷಗಳ ಮೇಲೆ ಪಾದ್ರಿಯ ಕೈ ಹಿಡಿದುಕೊಂಡು, "ಆಗ ನಂಗೆ ತಲೆ ಕೆಟ್ಟಿತ್ತು, ನಿಮಗೆಲ್ಲ ತೊಂದರೆ ಕೊಟ್ಟೆ" ಎಂದೂ ಹೇಳಿದಳಂತೆ. ಅಪ್ಪ ಹೋದ, ಅವನ ಹಿಂದೆಯೇ ಅಮ್ಮನೂ ಹೋದಳು. ಐಲಿ ಮದುವೆಯಾಗಿ, ಅಂಚೆ ಕಚೇರಿಯಲ್ಲಿ ದುಡಿದು, ಗಂಡನನ್ನೂ ಕಳೆದುಕೊಂಡು, ಅದೇ ತೌರುಮನೆಯಲ್ಲಿ ಒಬ್ಬಳೇ ಇದ್ದಳು.

ಹೀಗಿರುವಾಗ ತೊಂಬತ್ತೆಂಟರ ನವೆಂಬರಿನಲ್ಲಿ ವಾಯುಪಡೆಯ ಕಚೇರಿಯಿಂದ ಫೋನು ಬಂತು. ಲಾವೋಸಿನಲ್ಲಿ ಸಿಕ್ಕಿದ ಮೂಳೆಗಳು ಆರ್ವೋನವೇ ಎಂದು ಖಚಿತವಾಗಿತ್ತು. ಎರಡು ವರ್ಷದ ಹಿಂದೆ ಐಲಿಯ ರಕ್ತ ತೆಗೆದುಕೊಂಡು ಹೋಗಿದ್ದರು. ಅದಕ್ಕೂ ಇದಕ್ಕೂ ತಾಳೆಯಾಗಿತ್ತು. ವಿವರ ಹೇಳಲು ಒಬ್ಬರು ಮನೆಗೇ ಬರುತ್ತಾರೆಂದರು.

ಬಂದವಳು ಮೇಜರ್ ವೆಸ್ಟ್‌ಕಾಟ್ ಎಂಬ ನಲವತ್ತರ ಹೆಂಗಸು. ಅಡುಗೆಮನೆಯ ಮೇಜಿಗೆ ಐಲಿ, ರೇನೋ, ಮೇಜರ್ ಮೂವರೂ ಕೂತರು. ಐಲಿ ಕಾಫಿ ಬಗ್ಗಿಸಿದಳು.

"ಎಲ್ಲಾ ಹೇಳ್ಬೇಕಾ, ಇಲ್ಲ ಮುಖ್ಯವಾದದ್ದಷ್ಟೇ ಸಾಕಾ?" ಮೇಜರ್ ಕೇಳಿದಳು. "ಕೆಲವರಿಗೆ ಎಲ್ಲಾ ಕೇಳೋಕೆ ಇಷ್ಟ ಇರಲ್ಲ, ಮೇಡಂ. ಅದರಲ್ಲಿ ತಪ್ಪೇನೂ ಇಲ್ಲ."

"ಮುಖ್ಯವಾದದ್ದು ಸಾಕು," ಅಂದ ರೇನೋ. "ಯಾವತ್ತು ಕಳಿಸ್ತೀರಿ ಹೇಳಿ. ಬರೋ ಫೆಬ್ರವರಿಗೆ ಮೂವತ್ತು ವರ್ಷ ತುಂಬುತ್ತೆ. ಅವತ್ತೇ ಮಾಡ್ಬೇಕು ಅಂತಿದ್ದೀವಿ. ಗೌರವಕ್ಕೆ ವಿಮಾನ ಹಾರಿಸೋಕೂ ಆಗುತ್ತೇನೋ ಕೇಳ್ಬೇಕಿತ್ತು."

"ಎಲ್ಲಾ ಹೇಳಿ," ಅಂದಳು ಐಲಿ.

ಮೇಜರ್ ಒಂದು ಗುಟುಕು ಕಾಫಿ ಕುಡಿದು ಬಟ್ಟಲು ಕೆಳಗಿಟ್ಟಳು. ಆಮೇಲೆ ಬಗ್ಗಿ ತನ್ನ ಮೊಣಕಾಲಿನ ಕೆಳಗೆ, ಕಾಲಿನ ಮುಂದಿನ ಮೂಳೆಯ ನಡುವೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಮುರಿದಿತ್ತು. ಮುರಿದ ಜಾಗದ ಸುತ್ತ ಹೊಸ ಮೂಳೆ ಬೆಳೆದಿದೆ. ಕೂಡಿಕೊಳ್ತಾ ಇತ್ತು."

"ಅಂದ್ರೆ?" ಅಂದ ರೇನೋ.

"ಸತ್ತವರ ಮೂಳೆ ಕೂಡಲ್ಲ, ಸಾರ್."

ಹೊರಗೆ ಯಾರದೋ ಲಾರಿ ಏದುಸಿರು ಬಿಡುತ್ತ ದಿಬ್ಬ ಹತ್ತಿ ಹೋಯಿತು.

"ಎಷ್ಟು ದಿನ?" ಎಂದಳು ಐಲಿ.

"ಇಷ್ಟೇ ಅಂತ ಯಾರೂ ಹೇಳೋಕಾಗಲ್ಲ. ಆರು ವಾರಕ್ಕೆ ಕಮ್ಮಿ ಇಲ್ಲ ಅಂತಾರೆ ನಮ್ಮ ವೈದ್ಯರು. ಹತ್ತು ವಾರ ಇದ್ರೂ ಇರಬಹುದು."

ಆಮೇಲೆ ಮೇಜರ್ ನಿಧಾನವಾಗಿ ಹೇಳುತ್ತ ಹೋದಳು. ಆ ಗುಡ್ಡದ ಹಳ್ಳಿಯಲ್ಲಿ ಈಗ ಒಬ್ಬ ಮುದುಕಿ ಇದ್ದಾಳೆ. ಆಗ ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಉರಿಯುವ ವಿಮಾನದಿಂದ ಹೇಗೋ ಹೊರಬಿದ್ದು, ದೂರದ ಬಿದಿರು ಮೆಳೆಯಲ್ಲಿ ಬಿದ್ದಿದ್ದ ಬಿಳಿಯನೊಬ್ಬನನ್ನು ಅವಳ ಮಾವ ಕಂಡ. ಬೆಟ್ಟದಲ್ಲಿದ್ದ ಶತ್ರು ಸೈನಿಕರಿಗೆ ಹಿಡಿದುಕೊಟ್ಟಿದ್ದರೆ ಅವನಿಗೆ ಇನಾಮು ಸಿಗುತ್ತಿತ್ತು. ಆದರೆ ಹಿಂದಿನ ವರ್ಷ ಆ ಸೈನಿಕರು ಅವನ ಹಿರಿಯ ಮಗನನ್ನೇ ಹೊರೆ ಹೊರಲು ಎಳೆದುಕೊಂಡು ಹೋಗಿ ವಾಪಸು ಕಳಿಸಿರಲಿಲ್ಲ. ಆ ಹಟಕ್ಕೋ, ಮರುಕಕ್ಕೋ, ಮಾವ ಇವನನ್ನು ಬೆನ್ನ ಮೇಲೆ ಹೊತ್ತು ಗುಹೆಯೊಂದರಲ್ಲಿ ಮಲಗಿಸಿದ. ಬಿದಿರು ದಬ್ಬೆ ಕಟ್ಟಿ ಕಾಲು ನೆಟ್ಟಗೆ ಮಾಡಿದ. ಸೊಸೆ ದಿನಾ ಸೌದೆಗೆ ಹೋಗುವವಳಂತೆ ಹೋಗಿ ಗಂಜಿ ಕೊಟ್ಟು ಬರುತ್ತಿದ್ದಳು. ಅವನಿಗೆ ಅವರ ಮಾತು ಬಾರದು, ಅವರಿಗೆ ಅವನ ಮಾತು ಬಾರದು. ಕಾಲು ವಾಸಿಯಾಗುತ್ತ ಬಂತು, ಕೋಲು ಹಿಡಿದು ಗುಹೆಯ ಬಾಯಿಯವರೆಗೂ ಬರುತ್ತಿದ್ದ. ಮಳೆಗಾಲ ಹಿಡಿಯುವುದಕ್ಕೆ ಮುಂಚೆ ಚಳಿಜ್ವರ ಬಂತು. ಅದು ಹೊತ್ತುಕೊಂಡು ಹೋಯಿತು.

"ಒಂದು ವಿಷಯ ಆ ಅಜ್ಜಿಗೆ ಇವತ್ತಿಗೂ ಅರ್ಥ ಆಗಿಲ್ಲ," ಅಂದಳು ಮೇಜರ್. "ಆಗಾಗ ನಿಮ್ಮ ತಮ್ಮ ಕಲ್ಲು ಕಾಯಿಸಿಕೊಡಿ ಅಂತ ಕೈಸನ್ನೆ ಮಾಡಿ ಕೇಳ್ತಿದ್ರಂತೆ. ಬೆಂಕೀಲಿ ಕೆಂಪಗೆ ಕಾಯಿಸಿದ ಕಲ್ಲನ್ನ ಗುಹೆಯ ಮೂಲೇಲಿ ಒಟ್ಟಿಸಿಕೊಂಡು, ಸೋರೆಬುರುಡೇಲಿ ನೀರು ಹೊಯ್ದು, ಬಟ್ಟೆ ಬಿಚ್ಚಿ ಹಬೇಲಿ ಕೂತಿರ್ತಿದ್ರಂತೆ. ಎಲೆ ಇರೋ ಕೊಂಬೆ ತಗೊಂಡು ಬೆನ್ನಿಗೆ ಹೊಡ್ಕೊಳ್ತಿದ್ರಂತೆ. ಜ್ವರಕ್ಕೆ ಹುಚ್ಚು ಹಿಡೀತೋ, ಇಲ್ಲ ಯಾವುದೋ ಮಂತ್ರವೋ ಅಂತ ಹೆದರಿಬಿಟ್ಟಿದ್ರಂತೆ ಮಾವ, ಸೊಸೆ."

ಐಲಿಗೆ ನಗು ಬಂತು. ತಡೆಯಲಾಗದೆ ಗಟ್ಟಿಯಾಗಿ ನಕ್ಕುಬಿಟ್ಟಳು. ಅವರಂತೆ ಫಿನ್ಲೆಂಡಿನಿಂದ ಬಂದು ನೆಲೆಸಿದ ಫಿನ್ನಿಷ್ ಮಂದಿಯ ಮನೆಯ ಹಿತ್ತಲಲ್ಲಿ, ಕಾದ ಕಲ್ಲಿಗೆ ನೀರು ಹೊಯ್ದು ಎಲೆಕೊಂಬೆಯಿಂದ ಮೈ ಬಡಿದುಕೊಳ್ಳುವ ಹಬೆಸ್ನಾನದ ಗುಡಿಸಲು ಇಲ್ಲದಿದ್ದರೆ ಅದು ಮನೆಯೇ ಅಲ್ಲ. ವಾರ ಪೂರ್ತಿ ಗಣಿಯ ಧೂಳಿನಲ್ಲಿ ಬೆಂದವರು ಶನಿವಾರ ಸಂಜೆ ಅದರೊಳಗೆ ಕೂತರೇ ಮನುಷ್ಯರಾಗುತ್ತಿದ್ದದ್ದು.

"ಹುಚ್ಚಲ್ಲ ಮೇಜರ್," ಅಂದಳು. "ಅವತ್ತು ಶನಿವಾರ ಇದ್ದಿರ್ಬೇಕು."

ಅಷ್ಟು ಹೇಳಿದ ಮೇಲೆ ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. ರಕ್ತ ತಾಳೆಯಾಯಿತೆಂದಾಗ ಅವಳು ನಂಬಿದ್ದಳು, ನಿಜ. ಆದರೆ ತಮ್ಮ ಸಿಕ್ಕಿದ್ದು ಈಗ. ಮೂವತ್ತು ವರ್ಷ ಬೆಂಕಿಯಲ್ಲಿ ಉರಿಯುತ್ತಲೇ ಇದ್ದ ಆ ಹುಡುಗ ಈಗ ಗುಹೆಯಲ್ಲಿ ಎದ್ದು ಕೂತು, ಮೈಗೆ ಬಿಸಿ ಹತ್ತಿಸಿಕೊಂಡು, ದಿನ ಎಣಿಸುತ್ತಿದ್ದ.

ಹೊರಡುವಾಗ ಮೇಜರ್ ಬಾಗಿಲಲ್ಲಿ ನಿಂತು, "ಕಾಗದಪತ್ರದಲ್ಲಿ ಸಾವಿನ ದಿನ ಬದಲಾಯಿಸೋದು ನಿಮ್ಮ ಇಷ್ಟ. ಸಮಾಧಿ ಕಲ್ಲಿಗೂ ನೀವು ಹೇಳಿದ್ದನ್ನೇ ಕೆತ್ತಿಸ್ತಾರೆ. ಅವಸರ ಇಲ್ಲ" ಎಂದಳು.

ಅವಳ ಕಾರು ಮರೆಯಾಗುತ್ತಲೇ ರೇನೋ, "ಬದಲಾಯಿಸೋದು ಏನೂ ಇಲ್ಲ" ಅಂದ.

"ಏನೂ ಇಲ್ವಾ?"

"ಕಾಡಿನ ಮುದುಕಿ ಏನೋ ಹೇಳಿದ್ಲು ಅಂತ ಊರೆಲ್ಲ ನಂಬಿದ ದಿನ ಬಿಟ್ಟುಬಿಡೋಕಾಗುತ್ತಾ?"

"ಮುದುಕಿ ಸುಳ್ಳು ಹೇಳಿದ್ಲು ಅಂತಲೇ ಇಟ್ಕೋ. ಮೂಳೆ ಸುಳ್ಳು ಹೇಳುತ್ತೇನೋ?"

"ಐಲಿ, ನೀನು ವರ್ಷಕ್ಕೊಂದ್ಸಲ ಬ್ರೆಡ್ ಮಾಡಿ ತಂದಿಟ್ಟು ಮನೆಗೆ ಹೋಗ್ತೀಯ. ಮಿಕ್ಕಿದ್ದೆಲ್ಲ ಹೊತ್ತವನು ನಾನು. ಆ ಕಲ್ಲು ನಿಲ್ಲಿಸೋಕೆ ಮನೆಮನೆ ತಿರುಗಿದವನು ನಾನು. ಶಾಲೆ ಮಕ್ಕಳಿಗೆಲ್ಲ ಏನಂತ ಹೇಳಿದ್ದೀನಿ? ಒಂದೇ ಕ್ಷಣದಲ್ಲಿ ಹೋದ, ನೋವೇ ಆಗ್ಲಿಲ್ಲ ಅಂತ. ಈಗ ಹೋಗಿ ಇಲ್ಲಪ್ಪಾ, ಕಾಲು ಮುರ್ಕೊಂಡು ಎರಡು ತಿಂಗಳು ನರಳಿ ನರಳಿ ಸತ್ತ ಅಂತ ಹೇಳ್ಲಾ? ಅಮ್ಮ ಅಪ್ಪ ಒಪ್ಪಿಕೊಂಡ ದಿನ ಅದು."

"ಅಮ್ಮ ಒಪ್ಪಿಕೊಳ್ಳಲಿಲ್ಲ ಕಣೋ. ನಾವು ಒಪ್ಪಿಸಿದ್ವಿ."

ರೇನೋ ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದವನು ಹಾಗೇ ನಿಂತ. ಐಲಿಗೆ ನಿಲ್ಲಿಸಲಾಗಲಿಲ್ಲ.

"ಬದುಕಿದ್ದಾನೆ ಅಂದ್ಲು. ಬದುಕಿದ್ದ. ಚಳೀಲಿ ಬಿದ್ದಿದ್ದಾನೆ ಅಂದ್ಲು. ಬಿದ್ದಿದ್ದ. ಅವಳಿಗೆ ಮಾತ್ರೆ ತಿನ್ನಿಸಿದ್ವಿ. ನಾನು ಅವಳ ಮುಂದಿನಿಂದ ತಟ್ಟೆ ಕಿತ್ತುಕೊಂಡೆ. ಅವತ್ತು ಅವನಿಗೆ ಅಲ್ಲಿ ಯಾರೋ ಗಂಜಿ ಹೊಯ್ತಿದ್ರು, ರೇನೋ!"

"ಗೊತ್ತಿದ್ರೆ ತಾನೇ ಏನು ಮಾಡ್ತಿದ್ದೆ? ಈಜಿಕೊಂಡು ಹೋಗ್ತಿದ್ಯಾ?"

"ತಟ್ಟೆ ಇಡೋಕೆ ಬಿಡ್ತಿದ್ದೆ."

ರೇನೋ ಕೋಟಿನ ಗುಂಡಿ ಹಾಕಿಕೊಂಡ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ತಿರುಗಿ ನೋಡದೆ, "ನನ್ನ ವಯಸ್ಸಿನ ಹುಡುಗರನ್ನೆಲ್ಲ ಸೈನ್ಯಕ್ಕೆ ಎಳೀತಿದ್ದಾಗ, ಅವನು ಸತ್ತ ಅಂತಲೇ ನನ್ನ ಯುದ್ಧಕ್ಕೆ ಕರೀಲಿಲ್ಲ. ಮನೆಗೆ ಉಳಿದವನು ಒಬ್ಬನೇ ಗಂಡು ಅಂತ ಬಿಟ್ರು. ಅವನು ಸತ್ತ ದಿನದಿಂದ ನಾನು ಬದುಕಿದ್ದೀನಿ. ಆ ದಿನಾನ ಅಲ್ಲಾಡಿಸಬೇಡ" ಎಂದು ಹೇಳಿ ಹೊರಟುಹೋದ.

ಐಲಿ ತಾರೀಕಿನ ಮಾತು ಮತ್ತೆ ಎತ್ತಲಿಲ್ಲ. ಗೆದ್ದರೂ ಯಾರ ಮೇಲೆ ಗೆದ್ದಂತಾಗುತ್ತಿತ್ತು?

ಫೆಬ್ರವರಿ ಒಂಬತ್ತಕ್ಕೆ ಸರಿಯಾಗಿ ಶವಪೆಟ್ಟಿಗೆ ಊರಿಗೆ ಬಂತು. ಮೂವತ್ತನೆಯ ವರ್ಷವೆಂದು ಸುತ್ತಲ ಊರುಗಳಿಂದಲೂ ಜನ ಬಂದಿದ್ದರು. ಎರಡು ಕಡೆಯೂ ಆಳೆತ್ತರ ಹಿಮ ತಳ್ಳಿ, ನಡುವೆ ಜಾಗ ಮಾಡಿ, ಕಲ್ಲಿನ ಮುಂದೆ ಬಾವುಟ ಹೊದಿಸಿದ ಪೆಟ್ಟಿಗೆ ಇಟ್ಟಿದ್ದರು. ಬಂದೂಕು ಹಾರಿಸಿದ್ದಾಯಿತು, ಪ್ರಾರ್ಥನೆಯಾಯಿತು. ಇನ್ನು ವಿಮಾನಗಳು ಬರಬೇಕಿತ್ತು: ನಾಲ್ಕು ಜೊತೆಯಾಗಿ ಹಾರಿ ಬಂದು, ನೆತ್ತಿಯ ಮೇಲೆ ಒಂದು ಮಾತ್ರ, ಹೋದವನ ಗುರುತಾಗಿ, ಸಾಲು ಬಿಟ್ಟು ಮೇಲಕ್ಕೇರಿ ಕಣ್ಮರೆಯಾಗುತ್ತದೆ. ಅದಕ್ಕಾಗಿ ರೇನೋ ಎರಡು ತಿಂಗಳು ಫೋನಿನ ಮುಂದೆ ಕೂತಿದ್ದ.

ಬೆಳಗಿನಿಂದಲೇ ಮೋಡ ಚಾವಣಿಯಷ್ಟು ಕೆಳಗಿಳಿದಿತ್ತು. ಹಿಮ ಹಿಟ್ಟು ಜರಡಿ ಹಿಡಿದಂತೆ ಸುರಿಯುತ್ತಿತ್ತು. ಎಲ್ಲರೂ ಮುಖ ಮೇಲೆತ್ತಿ ನಿಂತರು. ಮುಖದ ಮೇಲೆ ಹಿಮ ಬೀಳುತ್ತಿತ್ತು.

"ಈ ಹವಾಕ್ಕೆ ಕಾಗೆನೂ ಗೂಡು ಬಿಟ್ಟು ಬರಲ್ಲ," ಅಂದ ಸಂಘದ ಮುದುಕ ಉರ್ಹೋ. "ಅವ್ರು ಎಲ್ಲೋ ಬೆಚ್ಚಗೆ ಕಾಫಿ ಕುಡೀತಿರ್ತಾರೆ. ನಾವು ಇಲ್ಲಿ ಹಿಮದ ಬೊಂಬೆ ಆಗೋಣ."

"ಸುಮ್ನಿರೋ ಉರ್ಹೋ," ಅಂದರು ಯಾರೋ.

ಕಟ್ಟಡದೊಳಗೆ ಫೋನು ಹೊಡೆಯಿತು. ಪಾದ್ರಿ ಹೋಗಿ ಮಾತಾಡಿ ಬಂದು ರೇನೋನ ಕಿವಿಯಲ್ಲಿ ಹೇಳಿದರು. ವಿಮಾನಗಳು ಅರ್ಧ ದಾರಿಯಿಂದ ಹಿಂದಿರುಗಿದ್ದವು. ರೇನೋ ತಲೆಯಾಡಿಸಿದ. ಆದರೆ ಮುಖ ಕೆಳಗಿಳಿಸಲಿಲ್ಲ. ಜನ ಏನು ಮಾಡಬೇಕೆಂದು ತಿಳಿಯದೆ ಅವನನ್ನೇ ನೋಡುತ್ತ ನಿಂತರು. ಮಕ್ಕಳ ತುಟಿ ನೀಲಿಗಟ್ಟಿತ್ತು. ಐಲಿ ಹತ್ತಿರ ಹೋಗಿ, "ಮಕ್ಕಳು ನಡುಗ್ತಿದ್ದಾರೆ ಕಣೋ" ಎಂದಳು.

"ಇನ್ನೊಂಚೂರು."

"ಅವು ಬರಲ್ವಂತೆ."

"ಕೇಳಿಸ್ಕೊಂಡೆ. ಇನ್ನೊಂಚೂರು ಇರಲಿ."

ಟೀಚರು ಮಕ್ಕಳನ್ನು ಒಳಗೆ ಕರೆದುಕೊಂಡು ಹೋದಳು. ಮಕ್ಕಳ ಹಿಂದೆ ಒಬ್ಬೊಬ್ಬರೇ ಸರಿದರು. ಕೊನೆಗೆ ಅಕ್ಕ ತಮ್ಮ ಇಬ್ಬರೇ ಪೆಟ್ಟಿಗೆಯ ಎರಡು ಕಡೆ ಉಳಿದರು. ಬಾವುಟದ ಮೇಲೆ ಬೆರಳುದ್ದ ಹಿಮ ಕೂತಿತ್ತು. ಐಲಿ ಅದನ್ನು ಅಂಗೈಯಿಂದ ಒರೆಸಿದಳು. ಒರೆಸಿದ ಹಿಂದೆಯೇ ಮತ್ತೆ ಕೂತಿತು.

ಆ ಸೀಮೆಯಲ್ಲಿ ಚಳಿಗಾಲದಲ್ಲಿ ಸತ್ತವರನ್ನು ಕೂಡಲೇ ಹೂಳುವಂತಿಲ್ಲ. ನೆಲ ಬಂಡೆಯಾಗಿರುತ್ತದೆ, ಗುದ್ದಲಿ ಚಿಮ್ಮಿ ಬರುತ್ತದೆ. ಸ್ಮಶಾನದ ಮೂಲೆಯ ಕಲ್ಲುಕೋಣೆಯಲ್ಲಿ ಆ ಚಳಿಗಾಲದ ಹೆಣಗಳೆಲ್ಲ ವಸಂತಕ್ಕೆ ಕಾಯುತ್ತಿರುತ್ತವೆ. ಆರ್ವೋನನ್ನೂ ಅಲ್ಲಿಗೇ ಒಯ್ದರು. ಕಬ್ಬಿಣದ ಬಾಗಿಲು ಮುಚ್ಚುವಾಗ ಐಲಿ ಒಳಗೊಮ್ಮೆ ನೋಡಿದಳು. ಡಿಸೆಂಬರಿನಲ್ಲಿ ಹೋದ ಪಕ್ಕದ ಬೀದಿಯ ಮುದುಕಿಯೊಬ್ಬಳ ಪೆಟ್ಟಿಗೆ ಅವನಿಗೆ ಜೊತೆಯಾಗಿತ್ತು.

ಮೇ ತಿಂಗಳಲ್ಲಿ ನೆಲ ಮೆತ್ತಗಾಯಿತು. ಕಲ್ಲು ಕೆತ್ತುವವನು ತಾರೀಕು ಕೇಳಿ ಕೇಳಿ ಸುಸ್ತಾಗಿದ್ದ. "ಇಸವಿ ಸಾಕು. ದಿನ ಬೇಡ" ಎಂದಳು ಐಲಿ. ಹೂಳುವ ದಿನ ಪಾದ್ರಿ, ಐಲಿ, ಗುಂಡಿ ತೋಡಿದ ಇಬ್ಬರು, ಇಷ್ಟೇ ಜನ. ಊರು ತನ್ನ ಪಾಲಿನದನ್ನು ಫೆಬ್ರವರಿಯಲ್ಲೇ ಮುಗಿಸಿತ್ತು. ರೇನೋನ ಲಾರಿ ಸ್ಮಶಾನದ ಗೇಟಿನ ಹೊರಗೆ ನಿಂತಿತ್ತು. ಅವನು ಇಳಿದು ಬರಲಿಲ್ಲ. ಮಣ್ಣು ಮುಚ್ಚಿ ಮುಗಿಯುವವರೆಗೂ ಅಲ್ಲೇ ಇದ್ದು, ಆಮೇಲೆ ಹೊರಟುಹೋದ.

ಮಾರನೆಯ ವರ್ಷದ ಫೆಬ್ರವರಿ ಒಂಬತ್ತಕ್ಕೆ ಐಲಿ ಬ್ರೆಡ್ಡು ಮಾಡಿ ಕಳಿಸಿದಳು, ತಾನು ಹೋಗಲಿಲ್ಲ. ಮನೆಯಲ್ಲಿ ಕೂತು ಬಂದೂಕಿನ ಸದ್ದು ಕೇಳಿದಳು. ಅದು ಯಾರದೋ ಮನೆಯ ಸಾವಿನಂತಿತ್ತು. ಅವನು ಇನ್ನೂ ಹೋಗಿಲ್ಲವಲ್ಲ, ಯಾಕೆ ಹಾರಿಸುತ್ತಿದ್ದಾರೆ ಎಂದು ಅನಿಸಿಬಿಟ್ಟಿತು.

ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಹಿಂದೆ ಅವಳ ದುಃಖಕ್ಕೆ ಒಂದು ದಿನವಿತ್ತು. ಅದರ ಮುಂದಿನ ವಾರ ಭಾರ, ಅದು ಕಳೆದರೆ ಹಗುರ. ಉಳಿದ ವರ್ಷವೆಲ್ಲ ಅವಳದೇ. ಈಗ ಆ ದಿನ ಕೈಬಿಟ್ಟು ಹೋಗಿತ್ತು, ಅದರ ಬದಲಿಗೆ ಇನ್ನೊಂದು ಸಿಕ್ಕಿರಲಿಲ್ಲ. ಫೆಬ್ರವರಿ ಪೂರ್ತಿ ಅವನು ನರಳುತ್ತಿದ್ದ. ಮಾರ್ಚಿನಲ್ಲಿ ಎದ್ದು ಕೂರುತ್ತಿದ್ದ. ವೈದ್ಯರು ಹೇಳಿದ ಆರು ವಾರ ದಾಟಿದ ಮೇಲೆ ಪ್ರತಿ ಬೆಳಿಗ್ಗೆ ಏಳುವಾಗಲೂ, ಇವತ್ತಿರಬಹುದೇ ಎಂಬ ಪ್ರಶ್ನೆ ಅವಳಿಗಿಂತ ಮುಂಚೆ ಎದ್ದಿರುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದವಳು ಥಟ್ಟನೆ ಕೈ ತಡೆದು, ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಬಂದಳು. ವಿಶೇಷ ಏನೂ ನಡೆದಿರಲಿಲ್ಲ. ಹೊರಗೆ ಬಿಸಿಲು ಬಂದಿತ್ತು ಅಷ್ಟೇ. ಇಂಥ ಬಿಸಿಲಿನಲ್ಲಿ ಅವನು ಕೋಲೂರಿ ಗುಹೆಯ ಬಾಯಿಗೆ ಬಂದಿರುತ್ತಾನೆ, ಇನ್ನು ನಾಲ್ಕು ದಿನಕ್ಕೆ ನಡೆಯಬಲ್ಲೆ ಅಂದುಕೊಂಡಿರುತ್ತಾನೆ ಎಂದು ಹೊಳೆದಿತ್ತು.

ಆ ಮಾರ್ಚಿನ ಕೊನೆಗೆ ಒಂದು ಮುಂಜಾನೆ, ತಡವಾಗಿ ಬಂದ ಹಿಮಗಾಳಿ ಬೀದಿಯನ್ನೆಲ್ಲ ಮುಚ್ಚಿಹಾಕಿದ್ದಾಗ, ರೇನೋನ ಲಾರಿ ಮನೆಯ ಮುಂದೆ ನಿಂತಿತು. ಎಂಜಿನ್ ಆರಿಸದೆ ಇಳಿದು ಒಳಗೆ ಬಂದ. ಜಗಳವಾದಂದಿನಿಂದ ಅವನು ಆ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಕೂತ. ಐಲಿ ಕಾಫಿ ಕೊಟ್ಟಳು. ಕುಡಿಯಲಿಲ್ಲ, ಬಟ್ಟಲಿಗೆ ಕೈ ಕಾಯಿಸಿಕೊಂಡ.

"ಆವತ್ತು ಚರ್ಚಲ್ಲಿ ಅವನ ಶವಸಂಸ್ಕಾರಕ್ಕೆ ಹಾಡಿದ್ವಲ್ಲ," ಅಂದ. "ಆಗ ಇದ್ದ ಅಲ್ವಾ?"

"ಇದ್ದ."

"ನನ್ನ ಸೈನ್ಯಕ್ಕೆ ಕರೆಯಲ್ಲ ಅಂತ ಹೇಳಿದಾಗ?"

"ಅದು ಏಪ್ರಿಲಲ್ಲಿ. ಆಗಲೂ ಇದ್ದಿರಬಹುದು ಕಣೋ. ಗೊತ್ತಿಲ್ಲ."

"ಇವತ್ತು?"

"ಇವತ್ತು ಇದ್ದಾನೆ ಅನ್ಸುತ್ತೆ."

ರೇನೋ ಕಿಟಕಿಯ ಕಡೆ ನೋಡಿದ. ಗಾಜಿನ ಆಚೆ ಬರೀ ಬಿಳುಪು. "ಹಾಗಾದ್ರೆ ಯಾವತ್ತಿಂದ ಇಲ್ಲ ಅಂದ್ಕೊಳ್ಳೋದು, ಐಲಿ? ಒಂದು ದಿನ ಅಂತ ಬೇಕಲ್ವಾ ಮನುಷ್ಯನಿಗೆ?"

ಅವನು ಉತ್ತರಕ್ಕೆ ಕಾಯಲಿಲ್ಲ. ಕೆರೆಯ ಕಡೆಯ ರಸ್ತೆ ಇನ್ನೂ ಬಾಕಿ ಇದೆ, ಶಾಲೆಯ ಬಸ್ಸು ಹೊರಡುವುದರೊಳಗೆ ತೆಗೆಯಬೇಕು ಎಂದು ಎದ್ದ. ನಾಳೆಯೂ ಬರುತ್ತೇನೆ ಎನ್ನಲಿಲ್ಲ. ಐಲಿ ಬಾ ಎನ್ನಲಿಲ್ಲ. ಲಾರಿಯ ಮುಂದಿನ ಕಬ್ಬಿಣದ ಹಲಗೆ ಕೆಳಗಿಳಿದು ನೆಲ ಕೆರೆಯುವ ಸದ್ದು ದಿಬ್ಬ ಇಳಿದು ಹೋಗುವವರೆಗೂ ಅವಳು ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಅವನು ತೆರೆದ ದಾರಿಯ ಮೇಲೆ ಹಿಮ ಮತ್ತೆ ಬೀಳತೊಡಗಿತ್ತು.